ಗೋಡೆಗೆ ಸೇರಿದ್ದು, ಗಾಡಿಗೆ ಏರುವುದು

ಉತ್ತರ ಕನ್ನಡ ಜಿಲ್ಲೆಯ ಘಟ್ಟದ ಮೇಲ್ಭಾಗದಲ್ಲಿ, ಕಾಳಿ ನದಿಯ ಇಕ್ಕೆಲದ ಕಾಡುಗಳಿಂದ ಮೊದಲಾಗಿ ಪೂರ್ವಕ್ಕೆ ಧಾರವಾಡ ಸೀಮೆಯ ಬಯಲನ್ನು ಮುಟ್ಟುವವರೆಗೆ ಹಬ್ಬಿರುವ ಜೋಯಿಡಾ, ದಾಂಡೇಲಿ, ಹಳಿಯಾಳ, ಮುಂಡಗೋಡ ಎಂಬ ನಾಲ್ಕು ತಾಲೂಕುಗಳಿಗೆ ಉದ್ಯೋಗನಿಮಿತ್ತವಾಗಿ ಬಂದು ಸೇರುವ ಶಿಕ್ಷಕರು, ದಾದಿಯರು, ಬ್ಯಾಂಕಿನ ನೌಕರರು, ಅರಣ್ಯ ಇಲಾಖೆಯವರು, ಕಾರ್ಖಾನೆಯ ಕೆಲಸಗಾರರು ಮನೆಯನ್ನು ಅರಸುವಾಗ, ಬಾಡಿಗೆಯ ಮೊತ್ತವನ್ನೂ ನೀರಿನ ಅನುಕೂಲವನ್ನೂ ವಿಚಾರಿಸಿದ ಬಳಿಕ ಕೇಳುವ ಮೂರನೆಯ ಪ್ರಶ್ನೆಯೊಂದುಂಟು: ಮನೆಯೊಳಗೆ ಏನೇನು ಇದೆ? ಫ್ಯಾನು ಇದೆಯೆ, ಗೀಜರು ಇದೆಯೆ, ನೀರೆತ್ತುವ ಮೋಟರು ಯಾರದು, ಮಳೆಗಾಲದಲ್ಲಿ ಕರೆಂಟು ಹೋದರೆ ಇನ್ವರ್ಟರು ಉಂಟೊ ಇಲ್ಲವೊ? ಇದಕ್ಕೆ ಮಾಲಕರು ಕೊಡುವ ಉತ್ತರವು ಬಹುಮಟ್ಟಿಗೆ ಒಂದೇ ಧಾಟಿಯದು. “ಪಾಯಿಂಟ್ ಎಲ್ಲಾ ಕೊಟ್ಟೇವ್ರೀ, ಸಾಮಾನು ನೀವು ಹಾಕ್ಕೋರಿ” ಎಂದು ಹಳಿಯಾಳದ ಕಡೆಯವರು ಹೇಳುವ ಮಾತೇ ಜೋಯಿಡಾದಲ್ಲಿ ಕೊಂಕಣಿಯ ಲಯ ಬೆರೆತ ಕನ್ನಡದಲ್ಲಿ ಕೇಳಿಬರುತ್ತದೆ. ಗೋಡೆಯೊಳಗೆ ತಂತಿ ಎಳೆದು, ಸ್ವಿಚ್ಚಿನ ಬೋರ್ಡು ಕೂಡಿಸಿ, ಚಾವಣಿಯಿಂದ ಒಂದು ಕೊಕ್ಕೆಯನ್ನು ಇಳಿಬಿಟ್ಟಲ್ಲಿಗೆ ಮಾಲಕರ ಕರ್ತವ್ಯ ಮುಗಿಯಿತು. ಆ ಕೊಕ್ಕೆಗೆ ತೂಗಬೇಕಾದ ಯಂತ್ರವು ಬಾಡಿಗೆದಾರನ ಸ್ವಂತ. ಈ ವಿಭಜನೆಯು ಮಾಲಕರ ಜಿಪುಣತನದಿಂದ ಹುಟ್ಟಿದ್ದೆಂದು ಊರೂರು ತಿರುಗಿ ಬೇಸತ್ತ ನೌಕರರು ಭಾವಿಸುವುದು ಸಹಜವೇ ಆದರೂ, ನನ್ನ ಅಭಿಪ್ರಾಯದಲ್ಲಿ ಅದು ವಿದ್ಯುತ್ತಿಗಿಂತಲೂ ಹಳೆಯದು. ನಮ್ಮ ಕಾಯಿದೆಗಳು ಅದನ್ನು ನಿರ್ಮಿಸಲಿಲ್ಲ, ಇದ್ದುದನ್ನು ಬರೆದುಕೊಂಡವು, ಅಷ್ಟೆ.

ವಿದ್ಯುತ್ತು ಬರುವ ಮುನ್ನವೂ ಮನೆಗಳಲ್ಲಿ ಉಪಕರಣಗಳಿದ್ದುವೆಂಬುದನ್ನು ನಾವು ಬೇಗನೆ ಮರೆತುಬಿಟ್ಟಿದ್ದೇವೆ. ಮಲೆನಾಡಿನ ಹಂಚಿನ ಮನೆಯ ಬಚ್ಚಲಿನಲ್ಲಿ ಗಾರೆಯ ಒಲೆಯ ಮೇಲೆ ಕತ್ತಿನವರೆಗೆ ಹೂಳಿ ಕಟ್ಟಿದ ತಾಮ್ರದ ಹಂಡೆಯಿರುತ್ತಿತ್ತು. ಅಡುಗೆಮನೆಯ ನೆಲದಲ್ಲಿ ಒರಳುಕಲ್ಲು ಹೂತಿರುತ್ತಿತ್ತು. ಬಾವಿಯ ಕಂಬಗಳ ನಡುವೆ ರಾಟೆ ತೂಗುತ್ತಿತ್ತು. ಗೋಡೆಯಲ್ಲಿ ದೀಪದ ಗೂಡು, ಅಂಗಿ ತೂಗಹಾಕಲು ಗೂಟ, ನೆತ್ತಿಯ ಮೇಲೆ ಅಟ್ಟ. ಇವೆಲ್ಲವೂ ಮನೆಯ ಅಂಗಗಳೇ ಆಗಿದ್ದುವಾದ್ದರಿಂದ ಬಾಡಿಗೆಗೆ ಬಂದವನು ಇವುಗಳನ್ನು ಪ್ರತ್ಯೇಕವಾಗಿ ಕೇಳುವ ಪ್ರಮೇಯವೇ ಇರಲಿಲ್ಲ, ಹೊರಡುವಾಗ ಕೊಂಡೊಯ್ಯುವ ಆಲೋಚನೆಯೂ ಅವನಿಗೆ ಬರುವಂತಿರಲಿಲ್ಲ. ಆದರೆ ರಾಟೆಯ ಮೇಲೆ ಹಾಯುವ ಹಗ್ಗ, ಅದರ ತುದಿಯ ಕೊಡ, ಎರಡು ಕಲ್ಲುಗಳನ್ನು ಬೇರ್ಪಡಿಸಿ ಗಾಡಿಗೇರಿಸಬಹುದಾದ ಬೀಸುಕಲ್ಲು, ಇವು ನೀರು ಸೇದುವವರ ಮತ್ತು ಹಿಟ್ಟು ಬೀಸುವವರ ಸ್ವತ್ತು. ಘಟ್ಟದ ಅಂಚು ದಾಟಿ ಬಯಲಿಗೆ ಬಂದರೆ ಹಂಡೆಯ ಸ್ಥಾನದಲ್ಲಿ ಬಂಬ ಕಾಣಿಸಿಕೊಳ್ಳುತ್ತದೆ. ನಡುವೆ ಹೊಗೆಯ ಕೊಳವೆಯುಳ್ಳ, ಮಹಾರಾಷ್ಟ್ರದಲ್ಲಿಯೂ ನಮ್ಮ ಉತ್ತರದ ಜಿಲ್ಲೆಗಳಲ್ಲಿಯೂ ಮನೆಮಾತಾಗಿದ್ದ ಈ ತಾಮ್ರದ ಪಾತ್ರೆ ತನ್ನ ಒಲೆಯನ್ನು ತನ್ನ ಹೊಟ್ಟೆಯಲ್ಲಿಯೇ ಇಟ್ಟುಕೊಂಡಿರುವುದರಿಂದ ಅದಕ್ಕೆ ಮನೆಯ ಹಂಗಿಲ್ಲ. ಯಜಮಾನನು ಎಲ್ಲಿಗೋ ಅದೂ ಅಲ್ಲಿಗೆ. ಸ್ನಾನಕ್ಕೆ ನೀರು ಕಾಯಿಸುವುದೆಂಬ ಒಂದೇ ಕಾರ್ಯಕ್ಕೆ ಎರಡು ಸಾಧನಗಳು: ಒಂದು ಮನೆಗೆ ಸೇರಿದ್ದು, ಮತ್ತೊಂದು ಮನುಷ್ಯನಿಗೆ ಸೇರಿದ್ದು. ಇಂದಿನ ಗೀಜರು ಇವೆರಡರಲ್ಲಿ ಯಾವುದರ ಸಂತತಿಯೆಂಬ ವಿಷಯದಲ್ಲಿ ಮಾಲಕರಿಗೂ ಬಾಡಿಗೆದಾರರಿಗೂ ಒಮ್ಮತವಿಲ್ಲದಿರುವುದೇ ಈಗಿನ ಅರ್ಧದಷ್ಟು ತಕರಾರುಗಳ ಮೂಲವೆಂದು ಹೇಳಬೇಕಾದೀತು.

ಕಾಯಿದೆಯು ಈ ವಿಷಯದಲ್ಲಿ ಏನು ಹೇಳುತ್ತದೆಂಬುದನ್ನು ಸ್ವಲ್ಪ ವಿಸ್ತಾರವಾಗಿ ನೋಡಬೇಕು. ಉತ್ತರ ಕನ್ನಡವು 1956ರ ರಾಜ್ಯ ಪುನರ್ವಿಂಗಡಣೆಯವರೆಗೆ ಮುಂಬಯಿ ಆಡಳಿತಕ್ಕೆ ಸೇರಿದ್ದುದರಿಂದ, ಇಲ್ಲಿಯ ಬಾಡಿಗೆಯ ವ್ಯವಹಾರಕ್ಕೆ ಆಧಾರವಾಗಿದ್ದುದು ಮುಂಬಯಿಯ 1947ರ ಬಾಡಿಗೆ ನಿಯಂತ್ರಣ ಕಾಯಿದೆ. ಮಾಲಕನು ಬಾಡಿಗೆದಾರನಿಗೆ ಅತ್ಯವಶ್ಯಕವಾದ ಪೂರೈಕೆಯನ್ನು ನ್ಯಾಯಸಮ್ಮತ ಕಾರಣವಿಲ್ಲದೆ ಕಡಿದುಹಾಕತಕ್ಕದ್ದಲ್ಲವೆಂದು ವಿಧಿಸಿದ ಆ ಕಾಯಿದೆಯು, ಅತ್ಯವಶ್ಯಕವೆಂದರೆ ನೀರು, ವಿದ್ಯುತ್ತು, ಓಣಿ ಮತ್ತು ಮೆಟ್ಟಿಲುಗಳ ಮೇಲಣ ದೀಪ, ಲಿಫ್ಟು, ನೈರ್ಮಲ್ಯ ಎಂದು ವಿವರಿಸಿತು. ಒಂದು ಯಂತ್ರದ ಹೆಸರೂ, ಲಿಫ್ಟಿನದೊಂದನ್ನು ಬಿಟ್ಟರೆ, ಆ ಪಟ್ಟಿಯಲ್ಲಿಲ್ಲ. ಆ ಲಿಫ್ಟಾದರೂ ಇಡೀ ಕಟ್ಟಡಕ್ಕೆ ಸೇರಿದ್ದೇ ಹೊರತು ಒಂದು ಮನೆಗೆ ಸೇರಿದ್ದಲ್ಲ. ಮೈಸೂರು ರಾಜ್ಯವು 1961ರಲ್ಲಿ ತನ್ನದೇ ಬಾಡಿಗೆ ನಿಯಂತ್ರಣ ಕಾಯಿದೆಯನ್ನು ಮಾಡಿತು. ಅದರ ಸ್ಥಾನಕ್ಕೆ ಬಂದ ಕರ್ನಾಟಕ ಬಾಡಿಗೆ ಕಾಯಿದೆ, 1999, ಜಾರಿಯಾದುದು 2001ರ ಡಿಸೆಂಬರ್ 31ರಂದು. ಈ ಕೊನೆಯ ಕಾಯಿದೆಯು ದೊಡ್ಡ ನಗರಗಳಲ್ಲಿ ತಿಂಗಳಿಗೆ 3500 ರೂಪಾಯಿ, ಇತರೆಡೆಗಳಲ್ಲಿ 2000 ರೂಪಾಯಿ ಮೀರಿದ ಬಾಡಿಗೆಯ ವಸತಿಗಳನ್ನು ತನ್ನ ವ್ಯಾಪ್ತಿಯಿಂದ ಹೊರಗಿಟ್ಟದ್ದರಿಂದ, ಇಂದಿನ ಬೆಲೆಗಳಲ್ಲಿ ಒಂದು ಸಾಧಾರಣ ಮನೆಗೂ ಅದರ ಆಶ್ರಯ ಸಿಗುವುದು ದುರ್ಲಭ. ಹೀಗೆ ಹೊರಗುಳಿದವರು ಮರಳಿ ಹೋಗಬೇಕಾದುದು 1882ರ ಸ್ವತ್ತು ಹಸ್ತಾಂತರ ಕಾಯಿದೆಗೆ. ಬಾಡಿಗೆದಾರನು ತಾನು ಸ್ವೀಕರಿಸಿದ ಸ್ಥಿತಿಯಲ್ಲಿಯೇ, ಸಹಜವಾದ ಸವೆತವನ್ನು ಕಳೆದು, ಮನೆಯನ್ನು ಹಿಂದಿರುಗಿಸತಕ್ಕದ್ದೆಂದೂ, ತಾನು ತಂದು ಜೋಡಿಸಿದುದನ್ನು ಸ್ವಾಧೀನವಿರುವವರೆಗೆ ಬಿಚ್ಚಿಕೊಂಡು ಹೋಗಲು ಅವನು ಅರ್ಹನೆಂದೂ, ಮಾಲಕನು ಮಾಡಲೇಬೇಕಾದ ರಿಪೇರಿಯನ್ನು ತಿಳಿಸಿದ ಮೇಲೂ ಮಾಡದಿದ್ದರೆ ಬಾಡಿಗೆದಾರನೇ ಮಾಡಿಸಿ ಬಾಡಿಗೆಯಲ್ಲಿ ಹಿಡಿಯಬಹುದೆಂದೂ ಅದರ 108ನೆಯ ಕಲಮು ಹೇಳುತ್ತದೆ. ವಿದ್ಯುತ್ತಿನ ದೀಪವು ಈ ದೇಶದ ಮನೆಗಳನ್ನು ಬೆಳಗುವ ಎಷ್ಟೋ ಮೊದಲೇ ಬರೆದ ಆ ವಾಕ್ಯಗಳು ಇಂದು ಫ್ಯಾನಿಗೂ ಗೀಜರಿಗೂ ಅನ್ವಯಿಸುತ್ತಿವೆ.

ಕೇಂದ್ರ ಸಚಿವ ಸಂಪುಟವು 2021ರ ಜೂನ್ 2ರಂದು ಒಪ್ಪಿದ ಮಾದರಿ ಬಾಡಿಗೆ ಕಾಯಿದೆಯು ರಾಜ್ಯಗಳು ಅಂಗೀಕರಿಸಿದಲ್ಲಿ ಮಾತ್ರ ಬಲವುಳ್ಳದ್ದು. ಆದರೂ ಅದರ ಎರಡನೆಯ ಅನುಸೂಚಿ ಓದಲು ಯೋಗ್ಯವಾಗಿದೆ. ಕಟ್ಟಡದ ಮುಖ್ಯ ರಿಪೇರಿ, ಸುಣ್ಣಬಣ್ಣ, ನೀರಿನ ಕೊಳವೆ, ವಿದ್ಯುತ್ತಿನ ತಂತಿ ಇವು ಮಾಲಕನ ಪಾಲು. ನಳದ ವಾಷರು, ಸ್ವಿಚ್ಚು, ಸಾಕೆಟ್ಟು, ಬಾಗಿಲ ಚಿಲಕ, ಸೊಳ್ಳೆಯ ಜಾಳಿಗೆ, ಗೀಜರಿನ ರಿಪೇರಿ ಇವು ಬಾಡಿಗೆದಾರನ ಪಾಲು. ಗೀಜರು ಮನೆಯಲ್ಲಿದ್ದರೆ ಅದು ಕೆಟ್ಟಾಗ ಸರಿಮಾಡಿಸುವವನು ಇರುವವನೇ ಎಂದು ಹೇಳಿದ ಕಾಯಿದೆ, ಗೀಜರು ಇರಲೇಬೇಕೆಂದು ಎಲ್ಲಿಯೂ ಹೇಳುವುದಿಲ್ಲ. ಪೂರೈಕೆಯು ಹಕ್ಕು, ಯಂತ್ರವು ಒಪ್ಪಂದ: 1947ರಿಂದ 2021ರವರೆಗಿನ ಕಾಯಿದೆಗಳನ್ನು ಒಟ್ಟಿಗೆ ಹಿಡಿದು ನೋಡಿದರೆ ಕಾಣುವುದು ಇದೇ.

ಇದು ನಮ್ಮಲ್ಲಿಯ ವೈಚಿತ್ರ್ಯವೆಂದು ತಿಳಿಯಲಾಗದು. ಇಂಗ್ಲೆಂಡಿನ 1985ರ ಕಾಯಿದೆಯು ನೀರು, ಅನಿಲ, ವಿದ್ಯುತ್ತು, ನೈರ್ಮಲ್ಯಗಳ ಜೋಡಣೆಗಳನ್ನು ಸುಸ್ಥಿತಿಯಲ್ಲಿಡುವ ಹೊಣೆಯನ್ನು ಮಾಲಕನಿಗೆ ವಹಿಸಿ, ಆ ಪೂರೈಕೆಯನ್ನು ಬಳಸುವ ಉಪಕರಣಗಳನ್ನು ಸ್ಪಷ್ಟವಾಗಿ ಹೊರಗಿಟ್ಟಿದೆ. ಚಳಿಯ ದೇಶವಾದುದರಿಂದ ಮನೆ ಬೆಚ್ಚಗಾಗಿಸುವ ಮತ್ತು ನೀರು ಕಾಯಿಸುವ ಜೋಡಣೆಗಳಿಗೆ ಮಾತ್ರ ವಿನಾಯಿತಿ. ಜರ್ಮನಿಯಲ್ಲಿ ಬಾಡಿಗೆದಾರರು ಅಡುಗೆಮನೆಯ ಕಪಾಟು, ಒಲೆ, ತೊಟ್ಟಿಗಳನ್ನೇ ಬಿಚ್ಚಿಕೊಂಡು ಮುಂದಿನ ಮನೆಗೆ ಒಯ್ಯುವುದು ಸಾಮಾನ್ಯ ಸಂಗತಿಯೆಂದರೆ ನಮ್ಮವರಿಗೆ ನಂಬಿಕೆ ಬರಲಾರದು. ಅದರ ಮುಂದೆ ಫ್ಯಾನು ಬಿಚ್ಚಿಕೊಂಡು ಹೋಗುವ ಹಳಿಯಾಳದ ಗುಮಾಸ್ತನು ಉದಾರಿಯೇ ಸರಿ. ಯಂತ್ರಗಳ ನಾಡೆನಿಸಿದ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಸಹ ಬಾಡಿಗೆಯ ಮನೆಗೆ ಒಲೆಯೂ ಫ್ರಿಜ್ಜೂ ಇರಲೇಬೇಕೆಂಬ ನಿಯಮ ಅನ್ವಯಿಸತೊಡಗಿದುದು 2026ರ ಜನವರಿ 1ರಿಂದೀಚೆಗಿನ ಕರಾರುಗಳಿಗೆ.

ಕಾಯಿದೆಯಿಂದ ಊರಿಗೆ ಬರೋಣ. ನಾಲ್ಕು ತಾಲೂಕುಗಳಲ್ಲಿ ಬಾಡಿಗೆದಾರನ ನಿರೀಕ್ಷೆಯು ಒಂದೇ ತೆರನಾಗಿಲ್ಲದಿರುವುದಕ್ಕೆ ಕಾರಣ, ಮನೆಗಳನ್ನು ಕಟ್ಟಿಸಿದವರು ಬೇರೆಬೇರೆಯಾದುದು. ದಾಂಡೇಲಿಯು ಇತ್ತೀಚಿನವರೆಗೆ ಹಳಿಯಾಳ ತಾಲೂಕಿನ ಒಂದು ಊರಾಗಿದ್ದು, ಮರಮುಟ್ಟಿನ ವ್ಯಾಪಾರದಿಂದ ಬೆಳೆದು, 1955ರಲ್ಲಿ ಸ್ಥಾಪಿತವಾಗಿ 1959ರಲ್ಲಿ ಉತ್ಪಾದನೆಗೆ ತೊಡಗಿದ ವೆಸ್ಟ್ ಕೋಸ್ಟ್ ಪೇಪರ್ ಮಿಲ್ಲಿನಿಂದ ಕಾರ್ಖಾನೆಯ ಪಟ್ಟಣವಾಯಿತು. ಪ್ಲೈವುಡ್ಡಿನ ಮತ್ತು ಫೆರೋ ಅಲಾಯ್ಸಿನ ಕಾರ್ಖಾನೆಗಳೂ ಅಲ್ಲಿದ್ದುವು. ಮಿಲ್ಲಿನೊಂದಿಗೆ ಹುಟ್ಟಿದ ಬಂಗೂರನಗರವೆಂಬ ಕಾಲೊನಿಯು, ಕೆಲಸಗಾರನಿಗೆ ಸಂಬಳದ ಜೊತೆಗೆ ಸೂರನ್ನೂ ಕೊಡುವ ಆ ಕಾಲದ ಕೈಗಾರಿಕೆಯ ಕಲ್ಪನೆಗೆ ನಿದರ್ಶನ. ಇಂಥ ವಸತಿಗೃಹವನ್ನು ಸ್ವೀಕರಿಸುವವನು ಬಲ್ಬುಗಳು ಎಷ್ಟು, ಫ್ಯಾನುಗಳು ಎಷ್ಟು, ನಳಗಳು ಎಷ್ಟು, ಕಿಟಕಿಯ ಗಾಜು ಒಡೆದಿದೆಯೊ ಇಲ್ಲವೊ ಎಂಬ ಪಟ್ಟಿಗೆ ರುಜು ಹಾಕಿ ಕೀಲಿಕೈ ಪಡೆಯುವುದು ಸರ್ಕಾರಿ ಮತ್ತು ಕಾರ್ಖಾನೆಯ ಕ್ವಾರ್ಟರ್ಸುಗಳ ಪದ್ಧತಿ. ನಿವೃತ್ತಿಯ ದಿನ ಆ ಪಟ್ಟಿಯೇ ಮತ್ತೆ ಹೊರಬರುತ್ತದೆ. ಪಟ್ಟಿಯಿರುವುದರಿಂದ ಜಗಳವಿಲ್ಲ. ಖಾಸಗಿ ಬಾಡಿಗೆಯ ಮನೆಗಳಿಗೂ ಇಂಥದೊಂದು ಕಾಗದ ಏಕೆ ಇರಬಾರದೆಂಬ ಪ್ರಶ್ನೆಯನ್ನು ನಾನು ಹಲವರ ಮುಂದಿಟ್ಟಿದ್ದುಂಟು, “ಅಷ್ಟು ಅಪನಂಬಿಕೆ ಯಾಕ್ರೀ?” ಎಂಬ ಮರುಪ್ರಶ್ನೆಯೇ ಬಂದುದು ಹೆಚ್ಚು. ನಂಬಿಕೆಯು ಇರುವಾಗ ಬರೆದ ಪಟ್ಟಿಯೇ ಅದು ಹೋದಾಗ ಉಪಯೋಗಕ್ಕೆ ಬರುವುದೆಂಬುದು ಅವರಿಗೆ ರುಚಿಸಲಿಲ್ಲ.

ಕ್ವಾರ್ಟರ್ಸು ದೊರೆಯದವರಿಗಾಗಿ ಊರೊಳಗೆ ಚಾಳುಗಳೂ ಬಿಡಿ ಖೋಲಿಗಳೂ ಹುಟ್ಟಿದುವು. ಒಂದು ಸಾಲಿನ ಖೋಲಿಗಳಿಗೆ ಒಂದೇ ಮೀಟರು, ಒಂದೇ ಅಂಗಳದ ನಳ. ಖೋಲಿಗೊಂದು ದೀಪ, ಒಂದು ಪ್ಲಗ್ಗು. ಇಲ್ಲಿಯ ಬಾಡಿಗೆದಾರನು ಉಪಕರಣ ಕೇಳುವ ಸ್ಥಿತಿಯಲ್ಲಿರಲಿಲ್ಲ. ತಾನಾಗಿ ತಂದ ಉಪಕರಣಕ್ಕೆ ಮಾಲಕರ ಒಪ್ಪಿಗೆ ಬೇಡುವ ಸ್ಥಿತಿ ಅವನದು. ಬಿಲ್ಲನ್ನು ತಲೆಗೆ ಇಷ್ಟೆಂದು ಹಂಚುವಲ್ಲಿ ಒಬ್ಬನು ಇಸ್ತ್ರಿಪೆಟ್ಟಿಗೆಯನ್ನೊ ನೀರು ಕಾಯಿಸುವ ಕಾಯಿಲನ್ನೊ ತಂದನೆಂದರೆ ಉಳಿದವರೆಲ್ಲರ ಕಣ್ಣು ಅದರ ಮೇಲೆ. ಉಪಕರಣವನ್ನು ಕೊಡುವ ಪ್ರಶ್ನೆಗೆ ಮುಂಚೆ ಅದನ್ನು ಇಟ್ಟುಕೊಳ್ಳಲು ಬಿಡುವ ಪ್ರಶ್ನೆಯೊಂದಿದೆಯೆಂಬುದು ನಗರದ ಓದುಗರಿಗೆ ವಿಚಿತ್ರವಾಗಿ ತೋರಬಹುದು; ಆದರೆ ಸಬ್‌ಮೀಟರಿಲ್ಲದ ಮನೆಗಳಲ್ಲಿ ಅದು ಇಂದಿಗೂ ಜೀವಂತವಾಗಿದೆ.

ಕಾಳಿಯ ಮೇಲ್ದಂಡೆಯಲ್ಲಿ ಇನ್ನೊಬ್ಬ ಮನೆಕಟ್ಟುವವನು ಬಂದನು: 1970ರಲ್ಲಿ ಸ್ಥಾಪಿತವಾದ ರಾಜ್ಯದ ವಿದ್ಯುತ್ ನಿಗಮ. ಗಣೇಶಗುಡಿಯ ಬಳಿ 101 ಮೀಟರು ಎತ್ತರದ ಸೂಪಾ ಅಣೆಕಟ್ಟು, ಅದರ ಬುಡದಲ್ಲಿ 50 ಮೆಗಾವಾಟಿನ ಎರಡು ಘಟಕಗಳು, ಕೆಳಗೆ ನಾಗಝರಿಯಲ್ಲಿ ಆರು ಘಟಕಗಳ ದೊಡ್ಡ ವಿದ್ಯುದಾಗಾರ. ಇವುಗಳ ಸಲುವಾಗಿ ಅಂಬಿಕಾನಗರವೂ ಗಣೇಶಗುಡಿಯ ಕಾಲೊನಿಯೂ ಕಾಡಿನ ನಡುವೆ ಎದ್ದುವು. ವಿದ್ಯುತ್ತು ಹುಟ್ಟುವಲ್ಲಿಯೇ ಕಟ್ಟಿದ ಈ ಮನೆಗಳ ನಿವಾಸಿಗಳಿಗೆ ಬೆಳಕು-ನೀರುಗಳ ಚಿಂತೆ ಕಡಿಮೆ. ಆದರೆ ಅಣೆಕಟ್ಟಿನ ಇನ್ನೊಂದು ಬದಿಯಲ್ಲಿ, ಕಾಳಿ ಮತ್ತು ಪಾಂಡರಿ ನದಿಗಳ ಸಂಗಮದಲ್ಲಿದ್ದ ಸೂಪಾ ಎಂಬ ತಾಲೂಕು ಕೇಂದ್ರವು ನೀರಿನಡಿ ಸೇರಿ, ಕಚೇರಿಗಳು ಜೋಯಿಡಾಕ್ಕೆ ಹೋದುವು, ನಿರಾಶ್ರಿತರಲ್ಲಿ ಬಹುಮಂದಿ ರಾಮನಗರಕ್ಕೆ ಹೋದರು. ಅಂದು ಜಾರಿಯಲ್ಲಿದ್ದ ಭೂಸ್ವಾಧೀನದ 1894ರ ಕಾಯಿದೆಯ ದೃಷ್ಟಿಯಲ್ಲಿ ಭೂಮಿಯೆಂದರೆ ಮಣ್ಣು ಮಾತ್ರವಲ್ಲ, ಮಣ್ಣಿಗೆ ಅಂಟಿದುದೂ ಅಂಟಿದುದಕ್ಕೆ ಶಾಶ್ವತವಾಗಿ ಬಿಗಿದುದೂ ಸೇರಿ ಭೂಮಿ. ಗಾರೆಯಲ್ಲಿ ಕೂತ ಹಂಡೆಯ ಲೆಕ್ಕ ಮನೆಯೊಡನೆ, ಬಂಬದ ಲೆಕ್ಕ ಲಾರಿಯೊಡನೆ. ಬಾಡಿಗೆದಾರನೂ ಮಾಲಕನೂ ಕೊಕ್ಕೆಯ ಕೆಳಗೆ ನಿಂತು ವಾದಿಸುವ ಗೆರೆಯನ್ನೇ ಸರ್ಕಾರವು ಒಂದು ಊರನ್ನೇ ಎಬ್ಬಿಸುವಾಗ ಬಳಸಿತೆಂಬುದನ್ನು ನೆನೆದರೆ ಆ ಗೆರೆಯ ಪ್ರಾಚೀನತೆಯೂ ಬಲವೂ ಅರಿವಾಗುತ್ತದೆ.

ಕಾಳಿಯ ವಿದ್ಯುತ್ತು ದೂರದ ನಗರಗಳನ್ನು ಬೆಳಗಿದರೂ ಜೋಯಿಡಾದ ಕಾಡಿನೊಳಗಿನ ಮಜರೆಗಳಿಗೆ ಬಹುಕಾಲ ಮುಟ್ಟಲಿಲ್ಲವೆಂಬುದು ಅಲ್ಲಿಯವರ ಹಳೆಯ ನೋವು. ಹತ್ತಿಪ್ಪತ್ತು ಮನೆಗಳಿಗಾಗಿ ಅರಣ್ಯದ ಮೂಲಕ ಕಂಬ ನೆಡುವುದಕ್ಕೆ 1980ರ ಅರಣ್ಯ ಸಂರಕ್ಷಣಾ ಕಾಯಿದೆಯ ಅನುಮತಿ ಬೇಕು. 2007ರಲ್ಲಿ ದಾಂಡೇಲಿ-ಅಣಶಿ ಎಂದು ಘೋಷಿತವಾಗಿ 2015ರಲ್ಲಿ ಕಾಳಿ ಎಂಬ ಹೆಸರು ಪಡೆದ ಹುಲಿ ಸಂರಕ್ಷಿತ ಪ್ರದೇಶದೊಳಗೆ ಅದು ಇನ್ನೂ ಕಠಿಣ. ಅಂಥ ಊರಿನ ಶಾಲೆಗೆ ಬಂದ ಶಿಕ್ಷಕಿಗೆ ಸಿಗುವ ಮನೆಯಲ್ಲಿ ‘ಪಾಯಿಂಟ್’ ಎಂಬುದೂ ನಿಶ್ಚಿತವಲ್ಲ. ಚಾವಣಿಯ ಮೇಲಿನ ಸೌರಫಲಕ, ಒಂದು ಬ್ಯಾಟರಿ, ಎರಡು ಮೂರು ದೀಪ, ಮೊಬೈಲು ಚಾರ್ಜು ಮಾಡುವಷ್ಟು ಶಕ್ತಿ. ಆಷಾಢದ ಮೋಡಗಳಡಿಯಲ್ಲಿ ಅದೂ ಸಂಶಯ. ಅಲ್ಲಿ ನೀರು ಕಾಯುವುದು ಹಂಡೆಯಲ್ಲಿಯೇ. ಒದ್ದೆಯ ಬಟ್ಟೆ ಒಣಗುವುದು ಆ ಒಲೆಯ ಕಾವಿನಿಂದಲೇ. ಈ ಎರಡನೆಯ ಸೇವೆಯನ್ನು ಯಾವ ಗೀಜರೂ ಮಾಡಲಾರದು.

ಜೋಯಿಡಾ ಮತ್ತು ದಾಂಡೇಲಿಗಳಲ್ಲಿ ಇತ್ತೀಚೆಗೆ ಇನ್ನೊಂದು ಬಗೆಯ ಅತಿಥಿಯು ಬಾಡಿಗೆದಾರನಿಗೆ ಪ್ರತಿಸ್ಪರ್ಧಿಯಾಗಿದ್ದಾನೆ. ಗಣೇಶಗುಡಿಯಲ್ಲಿ ಕಾಳಿಯ ಮೇಲೆ ರಾಫ್ಟಿಂಗಿಗೆಂದು ಬರುವ ಪ್ರವಾಸಿಗರಿಗಾಗಿ ಹೋಂಸ್ಟೇಗಳು ಹೆಚ್ಚಿದಂತೆ, ಗೀಜರು, ಟಿ.ವಿ., ಇನ್ವರ್ಟರುಗಳಿರುವ ಕೋಣೆಗಳೂ ಹೆಚ್ಚಿವೆ. ಆದರೆ ಅವು ರಾತ್ರಿಯ ಲೆಕ್ಕದ ಕೋಣೆಗಳು, ತಿಂಗಳ ಲೆಕ್ಕದವಲ್ಲ. ಎರಡು ರಾತ್ರಿಗೆ ಬಂದವನಿಗೆ ಬಿಸಿನೀರು ಸಿದ್ಧವಿರಬೇಕೆಂದು ತಿಳಿದ ಮನೆಯವರೇ ಎರಡು ವರ್ಷಕ್ಕೆ ಬರುವ ನೌಕರನಿಗೆ ಕೊಕ್ಕೆ ತೋರಿಸುತ್ತಾರೆ. ಇದನ್ನು ನಾನು ದೂರುವುದಿಲ್ಲ: ಎರಡು ರಾತ್ರಿಯವನು ಗೀಜರನ್ನು ಹಾಳುಮಾಡುವಷ್ಟು ಕಾಲ ಇರುವುದಿಲ್ಲ, ಕೊಡುವ ಹಣವಾದರೋ ತಿಂಗಳಿನ ಬಾಡಿಗೆಯನ್ನು ಅಣಕಿಸುವಂಥದು.

ಹಳಿಯಾಳದ ವಿಷಯ ಸರಳ. ಧಾರವಾಡಕ್ಕೆ ಸಮೀಪವಾದ, ಮರಾಠಿ-ಕನ್ನಡಗಳೆರಡೂ ಬೀದಿಯ ಮಾತಾಗಿರುವ ಆ ಪಟ್ಟಣದಲ್ಲಿ ಎಂಜಿನಿಯರಿಂಗ್ ಕಾಲೇಜಿನ ವಿದ್ಯಾರ್ಥಿಗಳೂ ಸಕ್ಕರೆ ಕಾರ್ಖಾನೆಯ ಹಂಗಾಮಿನ ಕೆಲಸಗಾರರೂ ಬಾಡಿಗೆಗೆ ಬರುವವರಲ್ಲಿ ಪ್ರಮುಖರು. ಆರು ತಿಂಗಳಿಗೆ ಬರುವವನು ಫ್ಯಾನು ಹೊತ್ತು ತರಲಾರನಾದ್ದರಿಂದ ಅಂಥ ಖೋಲಿಗಳಲ್ಲಿ ಫ್ಯಾನೂ ಒಂದು ಮಂಚವೂ ಇರುವುದುಂಟು. ಸಂಸಾರಸ್ಥರ ಮನೆಗಳಲ್ಲಿ ಮಾತ್ರ ಹಳೆಯ ಪದ್ಧತಿಯೇ.

ಮುಂಡಗೋಡದಲ್ಲಿ ಸಂಗತಿಯು ಇನ್ನೂ ವಿಶಿಷ್ಟ. 1966ರಲ್ಲಿ ಸ್ಥಾಪಿತವಾದ ಟಿಬೆಟಿಯನ್ ನೆಲೆಯು, ಗಾಂದೆನ್ ಮತ್ತು ದ್ರೆಪುಂಗ್ ಮಹಾವಿಹಾರಗಳು ಅಲ್ಲಿ ಪುನಃಸ್ಥಾಪನೆಗೊಂಡ ಮೇಲೆ, ಪಟ್ಟಣದ ಆಚೆಗೆ ಒಂದು ಬೇರೆಯೇ ಪಟ್ಟಣದಂತೆ ಬೆಳೆಯಿತು. ನೆಲವು ಸರ್ಕಾರ ಕೊಟ್ಟದ್ದು. ವಿದೇಶೀಯನು ಅಲ್ಲಿ ಉಳಿಯಬೇಕಾದರೆ ಸಂರಕ್ಷಿತ ಪ್ರದೇಶದ ಪರವಾನಿಗೆ ಬೇಕು. ಆದುದರಿಂದ ಕ್ಯಾಂಪುಗಳೊಳಗೆ ಸಾಧಾರಣ ಅರ್ಥದ ಬಾಡಿಗೆಯ ಪೇಟೆಯು ಬೆಳೆಯುವಂತಿಲ್ಲ. ವಿಹಾರದ ಕೋಣೆಯಲ್ಲಿ ವಾಸಿಸುವ ಭಿಕ್ಷುವಿಗೂ ಮಾಲಕ-ಬಾಡಿಗೆದಾರ ಸಂಬಂಧಕ್ಕೂ ದೂರ. ಆದರೂ ಯಂತ್ರಗಳ ಪ್ರಯಾಣಕ್ಕೆ ಅಲ್ಲಿಯೂ ಒಂದು ನಿದರ್ಶನವಿದೆ: ಬೆಣ್ಣೆಯ ಚಹಾವನ್ನು ಕಡೆಯಲು ಮರದ ಉದ್ದನೆಯ ಕೊಳವೆ ಬಳಸುತ್ತಿದ್ದ ಜನ, ಆ ಕೆಲಸವನ್ನು ಈಗ ಬಹುಮಟ್ಟಿಗೆ ಮಿಕ್ಸರಿಗೆ ಒಪ್ಪಿಸಿದ್ದಾರೆ. ನಾಡು ಬಿಟ್ಟು ಬರುವವರು ಹೊತ್ತು ತರಬಲ್ಲದ್ದು ರುಚಿಯನ್ನು, ಸಾಧನವನ್ನಲ್ಲ. ಮುಂಡಗೋಡ ಪೇಟೆಯ ಬಾಡಿಗೆಯಾದರೋ ಸರ್ಕಾರಿ ನೌಕರರದು. ಹುಬ್ಬಳ್ಳಿಯ ಅಂಗಡಿಗಳು ಹತ್ತಿರವಿರುವುದರಿಂದ ಅವರು ಫ್ರಿಜ್ಜು, ವಾಷಿಂಗ್ ಮಷೀನುಗಳೊಡನೆಯೇ ಬರುತ್ತಾರೆ, ಅವುಗಳೊಡನೆಯೇ ಹೋಗುತ್ತಾರೆ.

ಇನ್ನು ಒಂದೊಂದು ಉಪಕರಣದ ಮಾತು. ಫ್ರಿಜ್ಜು, ಮಿಕ್ಸರು, ಟಿ.ವಿ. ಇವು ಬಾಡಿಗೆದಾರನವೆಂಬುದರಲ್ಲಿ ಯಾರಿಗೂ ಸಂದೇಹವಿಲ್ಲ, ಕೇಳುವವನೇ ನಗೆಗೀಡಾಗುತ್ತಾನೆ. ಅಡುಗೆಯ ಅನಿಲದ ಸಿಲಿಂಡರು ಇಬ್ಬರಿಗೂ ಸೇರಿದ್ದಲ್ಲ: ಠೇವಣಿಯ ಮೇಲೆ ತೈಲ ಕಂಪನಿಯು ಬಳಸಲು ಕೊಟ್ಟದ್ದು ಅದು, ಊರು ಬದಲಾಯಿಸುವಾಗ ರೆಗ್ಯುಲೇಟರಿನೊಡನೆ ಒಪ್ಪಿಸಿ ಕಾಗದ ಪಡೆದು ಹೊಸ ಊರಿನಲ್ಲಿ ಬೇರೊಂದನ್ನು ತೆಗೆದುಕೊಳ್ಳಬೇಕು. ನೀರೆತ್ತುವ ಮೋಟರು ಮತ್ತು ಮೇಲಿನ ಟ್ಯಾಂಕು ಮಾಲಕರವು. ಅವು ಹಳೆಯ ಬಾವಿ-ರಾಟೆಗಳ ವಾರಸುದಾರರು. ಆದರೆ ಮೋಟರಿನ ಕರೆಂಟು ಯಾರ ಮೀಟರಿನಿಂದ ಓಡುತ್ತದೆಂಬುದನ್ನು ಮನೆಗೆ ಬರುವ ಮೊದಲೇ ನೋಡಿಕೊಳ್ಳುವುದು ಒಳಿತು. ಮುರಿದ ಕೊಂಬೆಗಳು ತಂತಿಯ ಮೇಲೆ ಬೀಳುವ ಈ ಸೀಮೆಯ ಮಳೆಗಾಲದಲ್ಲಿ ಇನ್ವರ್ಟರೇ ಎಲ್ಲಕ್ಕಿಂತ ಬೆಲೆಯುಳ್ಳ ಯಂತ್ರವಾದರೂ ಅದು ಮಾಲಕರಿಂದ ಬರುವುದು ಅಪರೂಪ. ಬ್ಯಾಟರಿಯು ಕೆಲವೇ ವರ್ಷಗಳ ಆಯುಷ್ಯದ್ದೆಂಬುದೂ, ಅದಕ್ಕೆ ನೀರು ಹಾಕುವುದನ್ನು ಬಾಡಿಗೆದಾರನು ಮರೆಯುವನೆಂಬುದೂ ಅವರಿಗೆ ಗೊತ್ತು. ಅದರ ಬದಲು ಇನ್ವರ್ಟರಿನ ತಂತಿಯನ್ನು ಎಳೆದಿಟ್ಟು ಸ್ಥಳ ಬಿಡುವವರುಂಟು.

ಫ್ಯಾನು ಮತ್ತು ಗೀಜರು, ಇವೆರಡರ ವಿಷಯದಲ್ಲಿಯೇ ಗಡಿಯು ಅಸ್ಪಷ್ಟ. ಮಾಲಕನು ಕೊಟ್ಟರೆ ಕೊಳ್ಳುವವನು ಅವನು, ಬಿಲ್ಲು ಕಟ್ಟುವವನು ಬೇರೊಬ್ಬನು. ಆದುದರಿಂದ ಅಗ್ಗದ್ದನ್ನೇ ಕೊಳ್ಳುತ್ತಾನೆ. ಎಪ್ಪತ್ತೈದು ವಾಟಿನ ಹಳೆಯ ಮಾದರಿಯ ಫ್ಯಾನು ದಿನಕ್ಕೆ 12 ಗಂಟೆ ತಿರುಗಿದರೆ ತಿಂಗಳಿಗೆ 27 ಯೂನಿಟ್ಟು. ಮೂವತ್ತು ವಾಟಿನ ಹೊಸ ಬಗೆಯದು ಅಷ್ಟೇ ಹೊತ್ತಿಗೆ 11 ಯೂನಿಟ್ಟು. ಫ್ಯಾನುಗಳಿಗೆ ನಕ್ಷತ್ರದ ಗುರುತು ಕಡ್ಡಾಯವಾದುದು 2023ರ ಜನವರಿ 1ರಿಂದ. ಅದಕ್ಕೆ ಮುಂಚಿನ ಫ್ಯಾನುಗಳು ಬಾಡಿಗೆಯ ಮನೆಗಳ ಕೊಕ್ಕೆಗಳಿಗೆ ಇನ್ನೂ ಬಹುಕಾಲ ತೂಗುವುವು. ಎರಡು ಕಿಲೋವಾಟಿನ ಗೀಜರು ದಿನಕ್ಕೆ ಅರ್ಧ ಗಂಟೆ ಉರಿದರೆ ತಿಂಗಳಿಗೆ 30 ಯೂನಿಟ್ಟು. ಈ ಅಂಕಿಗಳಿಗೆ ಹೊಸ ಅರ್ಥ ಬಂದುದು 2023ರ ಜುಲೈಯಿಂದ ರಾಜ್ಯ ಸರ್ಕಾರದ ಉಚಿತ ವಿದ್ಯುತ್ತಿನ ಯೋಜನೆಯಾದ ಗೃಹಜ್ಯೋತಿಯು ಆರಂಭವಾದ ಮೇಲೆ. ಹುಬ್ಬಳ್ಳಿಯ ವಿದ್ಯುತ್ ಸರಬರಾಜು ಕಂಪನಿಯ ಗ್ರಾಹಕರಾದ ಈ ನಾಲ್ಕು ತಾಲೂಕುಗಳ ಬಾಡಿಗೆದಾರರೂ ಕರಾರುಪತ್ರ ಮುಂತಾದ ದಾಖಲೆ ತೋರಿಸಿ ಅದರ ಲಾಭ ಪಡೆಯಬಹುದು; ಆದರೆ ಉಚಿತದ ಮಿತಿಯು ಎಲ್ಲರಿಗೂ 200 ಯೂನಿಟ್ಟಲ್ಲ. ಆರಂಭದ ನಿಯಮದಂತೆ ಅದು ಆ ಮೀಟರಿನ 2022-23ರ ಸರಾಸರಿ ಬಳಕೆ ಮತ್ತು ಅದರ ಮೇಲೆ ನೂರಕ್ಕೆ ಹತ್ತು. ಹಿಂದಿನ ಲೆಕ್ಕವಿಲ್ಲದ ಹೊಸ ಮನೆಗೆ 58 ಯೂನಿಟ್ಟು. ಹಳೆಯ ಫ್ಯಾನೊಂದೂ ಗೀಜರೊಂದೂ ಕೂಡಿದರೆ 57. ಅಂದರೆ ಹೊಸ ಮನೆಯ ಬಾಡಿಗೆದಾರನ ಉಚಿತ ವಿದ್ಯುತ್ತನ್ನೆಲ್ಲ ಮಾಲಕನು ಕೊಟ್ಟ ಎರಡು ಅಗ್ಗದ ಯಂತ್ರಗಳೇ ನುಂಗಿ, ದೀಪಕ್ಕೂ ಫ್ರಿಜ್ಜಿಗೂ ಅವನು ಕೈಯಿಂದ ಕೊಡಬೇಕಾಗುತ್ತದೆ. ಹಿಂದೆ ಇದ್ದವನು ಮಿತವ್ಯಯಿಯಾಗಿದ್ದರೆ ಅವನ ಮೀಟರಿನ ಕಿರಿದಾದ ಸರಾಸರಿಯೂ ಮನೆಯೊಡನೆಯೇ ಬರುತ್ತದೆ. ಯಾರೂ ಪಟ್ಟಿಯಲ್ಲಿ ಬರೆಯದ ಇಂಥ ಪಿತ್ರಾರ್ಜಿತವು ಬಾಡಿಗೆಯ ಇತಿಹಾಸದಲ್ಲಿ ಹಿಂದೆ ಇದ್ದಂತಿಲ್ಲ. ಈ ಸ್ಥಿತಿಯಲ್ಲಿ, ಕೊಕ್ಕೆಯನ್ನು ಮಾತ್ರ ಕೊಡುವ ಮಾಲಕನೇ ಕೆಲವೊಮ್ಮೆ ಹೆಚ್ಚು ಉಪಕಾರಿಯೆಂದು ನನಗೆ ತೋರುತ್ತದೆ. ಬಿಲ್ಲು ಕಟ್ಟುವವನೇ ಯಂತ್ರವನ್ನು ಆರಿಸಿಕೊಳ್ಳುವುದು ನ್ಯಾಯ.

ಆದರೆ ಕೊಕ್ಕೆಯು ಗಟ್ಟಿಯಾಗಿರಬೇಕು. ಪೂರೈಕೆಯು ಮಾಲಕನ ಹೊಣೆಯೆಂದ ಮೇಲೆ ಆ ಪೂರೈಕೆಯು ಯಂತ್ರವನ್ನು ಹೊರುವಂಥದಾಗಿರಬೇಕೆಂಬ ಅಂಶದಲ್ಲಿ ನಮ್ಮ ಮಾಲಕರಿಗೆ ನಾನು ಉದಾರಿಯಾಗಲಾರೆ. ದೀಪ ಮತ್ತು ರೇಡಿಯೋಗಳ ಕಾಲದಲ್ಲಿ ಎಳೆದ ಸಣ್ಣ ತಂತಿಯ ಮನೆಯಲ್ಲಿ ಒಂಬತ್ತು ಆಂಪಿಯರು ಎಳೆಯುವ ಗೀಜರನ್ನೊ ಹದಿಮೂರು ಆಂಪಿಯರು ಎಳೆಯುವ ಇನ್‌ಸ್ಟಂಟ್ ಗೀಜರನ್ನೊ ಜೋಡಿಸಿದರೆ ಸಾಕೆಟ್ಟು ಕರಗುವುದು ಕಂಡುಬರುತ್ತಿರುವ ಸಂಗತಿ. ಅರ್ಥಿಂಗ್ ಇಲ್ಲದ ಬಚ್ಚಲಿನಲ್ಲಿ ಒದ್ದೆಯ ಕೈಯಿಂದ ಅದನ್ನು ಮುಟ್ಟುವುದಂತೂ ಪ್ರಾಣಕ್ಕೇ ಸಂಚಕಾರ. ಆರು ತಿಂಗಳು ಗೋಡೆಗಳು ತೇವ ಹೀರುವ ಜೋಯಿಡಾದಂಥ ಕಡೆಗಳಲ್ಲಿ ಇದು ಇನ್ನೂ ಮುಖ್ಯ. ಬಾಡಿಗೆದಾರನು ಮನೆ ನೋಡುವಾಗ ಫ್ಯಾನಿದೆಯೆ ಎಂದು ತಲೆಯೆತ್ತುವ ಮೊದಲು, ಬಚ್ಚಲಿನ ಪ್ಲಗ್ಗಿಗೆ ದಪ್ಪ ಮೂರು ರಂಧ್ರಗಳಿವೆಯೆ, ಮೀಟರಿನ ಬಳಿ ಸೋರಿಕೆಯನ್ನು ಕಂಡೊಡನೆ ಕಡಿಯುವ ಬ್ರೇಕರು ಇದೆಯೆ, ಮನೆಯ ಹಿಂದೆ ಅರ್ಥಿಂಗಿನ ಗುಂಡಿಯುಂಟೆ ಎಂದು ನೋಡತಕ್ಕದ್ದು. ಗೀಜರನ್ನು ಕೊಡದ ಮಾಲಕನನ್ನು ಕ್ಷಮಿಸಬಹುದು, ಅರ್ಥಿಂಗ್ ಮಾಡಿಸದವನನ್ನಲ್ಲ.

ಕರಾರಿನ ಕಾಗದಗಳಲ್ಲಿ ಈ ಯಾವುದರ ಉಲ್ಲೇಖವೂ ಇರುವುದು ಕಡಿಮೆ. ಒಂದು ವರ್ಷವನ್ನು ಮೀರಿದ ಕರಾರು ನೋಂದಣಿಯಾಗಬೇಕೆಂಬ ಕಾರಣಕ್ಕೆ ಹನ್ನೊಂದು ತಿಂಗಳಿನದಾಗಿ ಬರೆಯಿಸುವ ಆ ಛಾಪಾ ಕಾಗದದಲ್ಲಿ ಚತುಃಸೀಮೆ, ಠೇವಣಿ, ಬಾಡಿಗೆಯ ದಿನಾಂಕಗಳು ಸವಿವರವಾಗಿ ಇರುತ್ತವೆ. ಫ್ಯಾನು ಎರಡು, ಗೀಜರು ಒಂದು, ಅದರ ಕಂಪನಿ ಮತ್ತು ವರ್ಷ, ಕೆಟ್ಟರೆ ಯಾರು ಸರಿಮಾಡಿಸಬೇಕು ಎಂಬ ನಾಲ್ಕು ಸಾಲುಗಳಿಗೆ ಟೈಪಿನವನು ಹೆಚ್ಚು ಹಣ ಕೇಳುವುದಿಲ್ಲವಾದರೂ ಯಾರೂ ಬರೆಯಿಸುವುದಿಲ್ಲ. ಪರಿಣಾಮವಾಗಿ, ಹೊರಡುವ ದಿನ 1882ರ ಕಾಯಿದೆಯು ಕೊಟ್ಟ ಬಿಚ್ಚಿಕೊಳ್ಳುವ ಹಕ್ಕು ಮತ್ತು ಮೊದಲಿನ ಸ್ಥಿತಿಯಲ್ಲಿ ಹಿಂದಿರುಗಿಸುವ ಕರ್ತವ್ಯ, ಇವೆರಡೂ ಒಂದೇ ಗೋಡೆಯಲ್ಲಿ ಕೊರೆದ ನಾಲ್ಕು ರಂಧ್ರಗಳ ಮೇಲೆ ಮುಖಾಮುಖಿಯಾಗುತ್ತವೆ: ಗೀಜರು ಬಾಡಿಗೆದಾರನದು, ಅದರ ಸಲುವಾಗಿ ಕೊರೆದ ಟೈಲ್ಸು ಮಾಲಕನದು.

ಇದಕ್ಕೆ ಊರಿನವರೇ ಕಂಡುಕೊಂಡ ಒಂದು ಉಪಾಯವಿದೆ, ಅದು ಯಾವ ಕಾಯಿದೆಯ ಪುಸ್ತಕದಲ್ಲಿಯೂ ಇಲ್ಲ. ಹೊರಡುವ ಬಾಡಿಗೆದಾರನು ತನ್ನ ಗೀಜರನ್ನೂ ಫ್ಯಾನುಗಳನ್ನೂ ಗೋಡೆಯಲ್ಲಿಯೇ ಬಿಟ್ಟು, ಬರುವ ಬಾಡಿಗೆದಾರನಿಗೆ ಅರ್ಧ ಬೆಲೆಗೆ ಮಾರುತ್ತಾನೆ. ಮಾಲಕನು ಸಾಕ್ಷಿಯಾಗಿ ನಿಂತು, ಟೈಲ್ಸು ಉಳಿಯಿತೆಂಬ ಸಂತೋಷದಿಂದ ಠೇವಣಿಯನ್ನು ಕಡಿತವಿಲ್ಲದೆ ಹಿಂದಿರುಗಿಸುತ್ತಾನೆ. ಹೊಸಬನಿಗೆ ಸಾಗಣೆಯ ಖರ್ಚಿಲ್ಲ, ಹಳಬನಿಗೆ ಬಿಚ್ಚುವ ಕೂಲಿಯಿಲ್ಲ. ಹೀಗೆ ಮೂರು ನಾಲ್ಕು ಸಂಸಾರಗಳ ಕೈಬದಲಾದ ಯಂತ್ರಕ್ಕೆ ಕೊನೆಗೆ ಯಾರೂ ಬೆಲೆ ಕೇಳುವುದೂ ಇಲ್ಲ, ಕೊಡುವುದೂ ಇಲ್ಲ; ಅದು ಮನೆಯದೇ ಆಗಿಬಿಡುತ್ತದೆ, ಮತ್ತು ಮುಂದೆ ಮನೆ ನೋಡಲು ಬಂದವನೊಡನೆ ಮಾಲಕನು “ಗೀಜರ್ ಐತ್ರೀ” ಎಂದು ಹೇಳತೊಡಗುತ್ತಾನೆ.